ಬೇಸ್ ಗಿಟಾರಿಗೆ ಯಾವ ತಂತಿ ಹಾಕ್ಲಿ ಅಂತ ಕೇಳಿದ ಹುಡುಗನಿಗೆ

ಹೋದ ವಾರ ಒಬ್ಬ ಹುಡುಗ ಫೋನ್ ಮಾಡಿದ್ದ. ನಮ್ಮ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸೋರ ತಂಗಿ ಮಗ, ಇಂಜಿನಿಯರಿಂಗ್ ಎರಡನೇ ವರ್ಷ, ಕಾಲೇಜಲ್ಲಿ ಫ್ರೆಂಡ್ಸ್ ಸೇರಿ ಬ್ಯಾಂಡ್ ಕಟ್ಕೊಂಡಿದಾರೆ, ಇವನು ಸೆಕೆಂಡ್ ಹ್ಯಾಂಡಲ್ಲಿ ಒಂದು ಬೇಸ್ ತಗೊಂಡಿದಾನೆ. "ಅಣ್ಣ, ಇದರ ತಂತಿ ಎಲ್ಲಾ ಕಪ್ಪಾಗಿ ತುಕ್ಕು ಹಿಡಿದುಬಿಟ್ಟಿದೆ, ಯಾವುದು ಹಾಕ್ಲಿ ಹೇಳಿ, ಯೂಟ್ಯೂಬಲ್ಲಿ ಇಪ್ಪತ್ತು ವಿಡಿಯೋ ನೋಡ್ದೆ, ಕಿಣಿಕಿಣಿ ಅನ್ನೋದು ಚೆನ್ನಾಗಿದೆ ಅನ್ಸುತ್ತೆ, ಮಿಕ್ಕಿದ್ದೆಲ್ಲಾ ಸಪ್ಪೆ" ಅಂದ. ಹತ್ತು ನಿಮಿಷ ಮಾತಾಡಿದ್ವಿ, ಆದ್ರೆ ಅರ್ಧ ಹೇಳಿ ಅರ್ಧ ಬಿಟ್ಟ ಹಾಗಾಯ್ತು, ಅದಕ್ಕೆ ಕೂತು ಬರೀತಿದೀನಿ.

ಮೊದಲು ಆ ವಿಡಿಯೋ ವಿಷಯ. ಬೇಸಿನ ದಪ್ಪ ತಂತಿ, ಅಂದ್ರೆ ಇ ತಂತಿ, ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತೆ, 41 ಹರ್ಟ್ಸ್. ಮೊಬೈಲಿನ ಪುಟಾಣಿ ಸ್ಪೀಕರಿಗೆ ಅಷ್ಟು ಕೆಳಗಿನ ಸ್ವರ ಕೊಡೋ ಶಕ್ತಿನೇ ಇಲ್ಲ. ಮತ್ತೆ ನಮಗೆ ಕೇಳ್ಸೋದೇನು ಅಂದ್ರೆ ಆ ಸ್ವರದ ಮೇಲೆ ಮೇಲೆ ಬರೋ ಮರಿಸ್ವರಗಳು, 82, 124, 165 ಹಿಂಗೆ ಹೋಗ್ತಾವಲ್ಲ ಅವು, ನಮ್ಮ ಕಿವಿ ಮಿದುಳು ಸೇರಿ ಕೆಳಗಿನ ಸ್ವರ ಇದೆ ಅಂತ ತಾವೇ ತುಂಬ್ಕೊಳ್ತವೆ. ಹಾಗಾಗಿ ಮೊಬೈಲಲ್ಲಿ ಕೇಳಿದ್ರೆ ಮೇಲಿನ ಸದ್ದು ಜಾಸ್ತಿ ಇರೋ ತಂತಿನೇ ಗೆಲ್ಲೋದು. ಫ್ಲ್ಯಾಟ್‌ವೌಂಡ್ ಅಂತ, ಮೇಲೆ ಚಪ್ಪಟೆ ಪಟ್ಟಿ ಸುತ್ತಿರೋ ತಂತಿ ಇದೆಯಲ್ಲ, ಅದರ ಪ್ರಾಣ ಇರೋದೇ ಕೆಳಗಿನ ಸ್ವರದಲ್ಲಿ, ಮೊಬೈಲಲ್ಲಿ ಅದು ಸತ್ತ ಹಾಗೆ ಕೇಳುತ್ತೆ. ಒಳ್ಳೆ ಹೆಡ್‌ಫೋನ್ ಆದ್ರೂ ಹಾಕ್ಕೊಂಡು ಕೇಳು ಅಂತ ಅವನಿಗೆ ಹೇಳಿದೀನಿ.

ತಂತಿ ಅಂದ್ರೆ ಏನು ಅಂತ ನನಗೆ ಅರ್ಥ ಆಗಿದ್ದು ಬೇಸಿಂದ ಅಲ್ಲ, ನಮ್ಮ ಅತ್ತೆಯ ವೀಣೆಯಿಂದ. ಮೈಸೂರಲ್ಲಿ ಅತ್ತೆ ಮನೇಲಿ ಚಿಕ್ಕವನಾಗಿದ್ದಾಗ ದಿನಾ ಸಾಯಂಕಾಲ ಅವರು ಅಭ್ಯಾಸ ಮಾಡೋರು. ಪಕ್ಕದಲ್ಲಿ ಒಂದು ಸಣ್ಣ ಬಟ್ಟಲು, ಅದರಲ್ಲಿ ಹತ್ತಿ, ಹತ್ತಿಗೆ ಕೊಬ್ಬರಿ ಎಣ್ಣೆ. ನುಡಿಸ್ತಾ ನುಡಿಸ್ತಾ ಮಧ್ಯೆ ಎಡಗೈ ಬೆರಳನ್ನ ಆ ಹತ್ತಿಗೆ ಒತ್ತಿ ಮತ್ತೆ ತಂತಿ ಮೇಲೆ ಇಡೋರು, ಬೆರಳು ಜಾರಬೇಕಲ್ಲ ಗಮಕಕ್ಕೆ. ಸಾರಣಿ, ಅಂದ್ರೆ ಮೇಲಿನ ಸ್ವರದ ಮೊದಲ ತಂತಿ, ಬರೀ ಸ್ಟೀಲು, ನುಣುಪಾಗಿರುತ್ತೆ. ಮಂದ್ರ, ಅನುಮಂದ್ರದ ತಂತಿ ಮುಟ್ಟಿದ್ರೆ ಹಾಗಲ್ಲ, ಒಳಗೊಂದು ತಂತಿ, ಅದರ ಮೇಲೆ ಇನ್ನೊಂದು ಸಣ್ಣ ತಂತಿ ಸುತ್ತಿರ್ತಾರೆ, ಉಗುರಲ್ಲಿ ಉದ್ದಕ್ಕೆ ಎಳೆದ್ರೆ ಝರ್ ಅನ್ನುತ್ತೆ. ಹಂಗೆ ಎಳೆದು ಬೈಸ್ಕೊಂಡಿದೀನಿ. ಯಾಕತ್ತೆ ಸುತ್ತಿರೋದು ಅಂದ್ರೆ "ಕೆಳಗಿನ ಸ್ವರಕ್ಕೆ ತಂತಿ ಭಾರ ಇರ್ಬೇಕು ಕಣೋ, ಆದ್ರೆ ಬಾಗಲೂಬೇಕು" ಅನ್ನೋರು. ಒಂದೇ ದಪ್ಪ ಕಂಬಿ ಎಳೆದು ಕಟ್ಟಿದ್ರೆ ಅದು ತಂತಿ ಥರ ಆಡಲ್ಲ, ಸಲಾಕೆ ಥರ ಬಿಗಿಯಾಗಿರುತ್ತೆ, ಮರಿಸ್ವರಗಳೆಲ್ಲ ಶ್ರುತಿ ತಪ್ಪುತ್ತವೆ. ಒಳಗೆ ಸಣ್ಣ ತಂತಿ ಇಟ್ಟು ಮೇಲೆ ಸುತ್ತಿದ್ರೆ ಭಾರವೂ ಬಂತು, ಬಳುಕೂ ಉಳೀತು. ಬೇಸಿನ ನಾಲ್ಕೂ ತಂತಿ ಹಿಂಗೇ ಸುತ್ತಿದ್ದು.

ಇನ್ನು ಮೇಲೆ ಸುತ್ತೋದು ಏನನ್ನ ಅನ್ನೋದ್ರಲ್ಲೇ ಎಲ್ಲಾ ಇರೋದು. ಗುಂಡನೆ ತಂತಿ ಸುತ್ತಿದ್ರೆ ರೌಂಡ್‌ವೌಂಡ್, ಪಟ್ಟಿ ಥರ ಚಪ್ಪಟೆ ತಂತಿ ಸುತ್ತಿದ್ರೆ ಫ್ಲ್ಯಾಟ್‌ವೌಂಡ್. ಗುಂಡನೆದು ಸುತ್ತಿ ಆಮೇಲೆ ಮೇಲ್ಭಾಗ ಉಜ್ಜಿ ಅರ್ಧ ಸಮ ಮಾಡಿದ್ದೂ ಸಿಗುತ್ತೆ, ಹಾಫ್‌ವೌಂಡ್ ಅಂತಾರೆ, ನನಗೆ ಅದು ಯಾವತ್ತೂ ಒಗ್ಗಿಲ್ಲ. ಸ್ಟೀಲ್ ಒಳಗಿಟ್ಟು ಮೇಲೆ ಕಪ್ಪು ನೈಲಾನ್ ಪಟ್ಟಿ ಸುತ್ತಿದ್ದು ಟೇಪ್‌ವೌಂಡ್, ದೊಡ್ಡ ಮರದ ಡಬಲ್ ಬೇಸ್ ಥರದ ಸದ್ದು ಬೇಕು ಅನ್ನೋರಿಗೆ. ಒಂದು ಮಾತು ನೆನಪಿಟ್ಕೋ, ಎಲೆಕ್ಟ್ರಿಕ್ ಬೇಸಲ್ಲಿ ಪಿಕಪ್ ಅಂದ್ರೆ ಅಯಸ್ಕಾಂತ, ಅದು ಹಿಡಿಯೋದು ಸ್ಟೀಲು ನಿಕ್ಕಲ್ಲಿನ ಅಲ್ಲಾಟವನ್ನ. ಅಕೌಸ್ಟಿಕ್ ಬೇಸಿಗೆ ಅಂತ ಕಂಚಿನ ಸುತ್ತಿನ ತಂತಿ ಬರುತ್ತಲ್ಲ, ಅದನ್ನ ತಂದು ಇದಕ್ಕೆ ಹಾಕಿದ್ರೆ ಒಳಗಿನ ತಂತಿ ಅಷ್ಟೇ ಕೇಳ್ಸುತ್ತೆ, ಸದ್ದು ಸೊರಗಿ ಹೋಗುತ್ತೆ.

1951ರಲ್ಲಿ ಲಿಯೋ ಫೆಂಡರ್ ಪ್ರೆಸಿಷನ್ ಬೇಸ್ ತಂದಾಗ ಫ್ಲ್ಯಾಟ್‌ವೌಂಡೇ ಎಲ್ಲರ ಬೇಸಲ್ಲೂ. ಆಮೇಲೆ 1960ರ ದಶಕದ ನಡುವೆ ಇಂಗ್ಲೆಂಡಿನ ದ ಹೂ ಬ್ಯಾಂಡಿನ ಜಾನ್ ಎಂಟ್ವಿಸಲ್, ರೋಟೋಸೌಂಡ್ ಕಂಪನಿಯವರ ಜೊತೆ ಕೂತು ಪಿಯಾನೋ ಥರ ಮೊಳಗೋ ರೌಂಡ್‌ವೌಂಡ್ ಮಾಡಿಸಿಕೊಂಡ್ರು, ರಾಕ್ ಬೇಸಿನ ಸದ್ದೇ ಬದಲಾಗಿಹೋಯ್ತು. ಈಗ ಅಂಗಡಿಗೆ ಹೋಗಿ ಬೇಸ್ ಸ್ಟ್ರಿಂಗ್ ಕೊಡಿ ಅಂದ್ರೆ ಕೇಳದೇ ಕೊಡೋದು ರೌಂಡ್‌ವೌಂಡೇ. ಆ ಕಡೆ ಅಮೆರಿಕದ ಡೆಟ್ರಾಯ್ಟಲ್ಲಿ ಮೋಟೌನ್ ರೆಕಾರ್ಡ್ ಕಂಪನಿಗೆ ನುಡಿಸ್ತಿದ್ದ ಜೇಮ್ಸ್ ಜೇಮರ್ಸನ್, 1962ರ ಪ್ರೆಸಿಷನ್ನಿಗೆ ಲಾ ಬೆಲ್ಲಾ ಕಂಪನಿಯ ದಪ್ಪ ಫ್ಲ್ಯಾಟ್ಸ್ ಹಾಕಿ, ತಂತಿ ಕಿತ್ತುಹೋಗೋ ತನಕ ಬದಲಾಯಿಸ್ತಿರಲಿಲ್ಲವಂತೆ, ಒಂದೇ ತೋರುಬೆರಳಲ್ಲಿ ನುಡಿಸ್ತಿದ್ದದ್ದು. ಫ್ಲ್ಯಾಟ್ಸ್ ಅಂದ್ರೆ ಬರೀ ಮೆಲ್ಲನೆ ಹಾಡಿಗೆ ಅಂತ ಅಂದ್ಕೋಬೇಡ ಮತ್ತೆ, ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ನಿನ ಸ್ಟೀವ್ ಹ್ಯಾರಿಸ್ ಅಷ್ಟು ವೇಗವಾಗಿ ಕುದುರೆ ಓಟದ ಹಾಗೆ ನುಡಿಸೋದೂ ಫ್ಲ್ಯಾಟ್‌ವೌಂಡ್ ಮೇಲೇ.

ಈಗ ನಮ್ಮ ಕಥೆ. ನಾನು ನುಡಿಸೋದು ರಸಮಂಜರಿ ಕಾರ್ಯಕ್ರಮಗಳಲ್ಲಿ. ಗಣಪತಿ ಇಟ್ಟ ಬೀದಿ, ಊರ ಹಬ್ಬ, ಜಾತ್ರೆ, ಮದುವೆ ಆರತಕ್ಷತೆ. ರಾತ್ರಿ ಎಂಟಕ್ಕೆ ಗಣಪತಿ ಸ್ತುತಿಯಿಂದ ಶುರು ಆದ್ರೆ ರಾಜ್‌ಕುಮಾರ್ ಹಾಡು, ಇಳಯರಾಜ, ಹಂಸಲೇಖ, ಕೊನೆಗೆ ಈಗಿನ ಕುಣಿತದ ಹಾಡು, ಹನ್ನೊಂದರ ಹೊತ್ತಿಗೆ ಮುಗಿಸಬೇಕು. ಸ್ಟೇಜ್ ಮೇಲೆ ತಬಲಾ ಇರುತ್ತೆ, ಢೋಲಕ್ ಇರುತ್ತೆ, ರಿದಮ್ ಪ್ಯಾಡ್ ಇರುತ್ತೆ, ಎರಡು ಕೀಬೋರ್ಡ್. ಮೊದಲ ಐದಾರು ವರ್ಷ ನಾನು ಸ್ಟೇನ್‌ಲೆಸ್ ಸ್ಟೀಲ್ ರೌಂಡ್ಸ್ ಹಾಕ್ತಿದ್ದೆ, ಮನೇಲಿ ಒಬ್ಬನೇ ನುಡಿಸಿದ್ರೆ ಎಷ್ಟು ಚೆಂದ ಅಂತೀರಾ, ಒಂದೊಂದು ಸ್ವರವೂ ಗಂಟೆ ಹೊಡೆದ ಹಾಗೆ. ಸ್ಟೇಜಿಗೆ ಹೋದ್ರೆ ಮಾತ್ರ ಸೌಂಡ್ ನೋಡ್ಕೊಳ್ಳೋರು "ಬೇಸ್ ಕೇಳ್ತಾನೇ ಇಲ್ಲ ಸಾರ್, ಗುಂಯ್ ಅನ್ನೋದೊಂದೇ ಬರ್ತಿದೆ" ಅನ್ನೋರು. ವಾಲ್ಯೂಮ್ ಏರಿಸ್ದೆ, ಟ್ರೆಬಲ್ ಏರಿಸ್ದೆ, ಆಂಪ್ ಬದಲಾಯಿಸ್ದೆ, ಅದೇ ಗೋಳು.

ಆಮೇಲೆ ಒಂದಿನ ರೆಕಾರ್ಡಿಂಗ್ ಹಾಕ್ಕೊಂಡು ಸುಮ್ನೆ ಕೇಳ್ತಾ ಕೂತಾಗ ತಿಳೀತು. ತಬಲಾದ ಎಡಗೈ ಡಗ್ಗಾ, ಢೋಲಕ್ಕಿನ ದೊಡ್ಡ ಕಡೆ, ಎರಡೂ ಗುಮ್ ಅಂತ ಜಾರ್ತಾ ಕೆಳಗೇ ಆಡ್ತವೆ, ಬೇಸಿನ ಜಾಗದಲ್ಲೇ. ನನ್ನ ತಂತಿ ಒಂದು ಸಲ ಮೀಟಿದ್ರೆ ಮೂರು ನಾಲ್ಕು ಸೆಕೆಂಡ್ ಮೊಳಗ್ತಾನೇ ಇರುತ್ತೆ, ಹಂಗಾಗಿ ಒಂದರ ಮೇಲೊಂದು ಬಿದ್ದು ಕೆಸರು. ಮೇಲಿನ ಕಿಣಿಕಿಣಿ ಇದೆಯಲ್ಲ ಅದನ್ನ ಕೀಬೋರ್ಡು, ತಾಳ ಎಲ್ಲಾ ಸೇರಿ ನುಂಗಿಬಿಟ್ಟಿದ್ವು. ಅಂದ್ರೆ ನಾನು ದುಡ್ಡು ಕೊಟ್ಟು ತಂದಿದ್ದ ಸದ್ದು ಯಾರಿಗೂ ತಲುಪ್ತಾನೇ ಇರಲಿಲ್ಲ. ಅವತ್ತೇ ನಿರ್ಧಾರ ಮಾಡಿ ಡಿ'ಅಡಾರಿಯೋ ಕ್ರೋಮ್ಸ್ ಅಂತ ಫ್ಲ್ಯಾಟ್‌ವೌಂಡ್ ಸೆಟ್, ದಪ್ಪದ ಲೆಕ್ಕದಲ್ಲಿ 45ರಿಂದ 100ರದ್ದು, ರೌಂಡ್ಸಿಗೆ ಕೊಡ್ತಿದ್ದದ್ದರ ಹತ್ರ ಹತ್ರ ಡಬಲ್ ಕೊಟ್ಟು ತಂದು ಹಾಕ್ದೆ. ಮನೇಲಿ ನುಡಿಸಿದ್ರೆ ಬೇಜಾರಾಯ್ತು ನಿಜವಾಗ್ಲೂ, ಕಂಬಳಿ ಹೊದಿಸಿದ ಹಾಗೆ. ಆದ್ರೆ ಆ ವಾರ ನಂಜನಗೂಡಿನ ಹತ್ರ ಒಂದು ಹಳ್ಳಿಯ ಹಬ್ಬದಲ್ಲಿ ಮೊದಲನೇ ಹಾಡಿನ ಮೊದಲನೇ ಸ್ವರಕ್ಕೇ ತಬಲಾ ನುಡಿಸೋರು ತಿರುಗಿ ನನ್ನ ಕಡೆ ನೋಡಿದ್ರು. ಧಂ ಅಂತ ಬಂದು ತಕ್ಷಣ ಜಾಗ ಬಿಟ್ಟುಕೊಡುತ್ತೆ, ಆ ಜಾಗದಲ್ಲಿ ಅವರ ಡಗ್ಗಾ ಕೂತ್ಕೊಳ್ಳುತ್ತೆ. ಬೇಸ್ ಜೋರಾಗಿರಲಿಲ್ಲ, ಆದ್ರೆ ಒಂದೊಂದು ಸ್ವರವೂ ಕೇಳ್ತಿತ್ತು. ನಾಲ್ಕು ವರ್ಷ ಆಯ್ತು, ಆ ಸೆಟ್ ಇನ್ನೂ ಇದೆ. ಇನ್ನೂ ಬಿಗಿ ಬೇಕು ಅನ್ನೋ ಹಾಡಿಗೆ ಕುದುರೆ, ಅಂದ್ರೆ ತಂತಿ ಕೂರೋ ಬ್ರಿಡ್ಜ್, ಅದರ ಹತ್ರ ತಂತಿ ಕೆಳಗೆ ಒಂದು ಸಣ್ಣ ಸ್ಪಂಜಿನ ತುಂಡು ತೂರಿಸ್ತೀನಿ, ಹಳೇ ಫೆಂಡರ್ ಬೇಸಿನ ಕುದುರೆ ಮುಚ್ಚಳದೊಳಗೆ ಹಂಗೇ ಫೋಮ್ ಅಂಟಿಸಿ ಕೊಡ್ತಿದ್ರು.

ಅದಕ್ಕೇ ಹೇಳೋದು, ತಂತಿ ಆರಿಸೋವಾಗ ಬೇಸ್ ಒಂದನ್ನೇ ಕೇಳಬೇಡ, ನಿನ್ನ ಪಕ್ಕದಲ್ಲಿ ನಿಂತ್ಕೊಂಡು ನುಡಿಸೋರು ಯಾರು ಅಂತ ನೋಡು. ಈ ಹುಡುಗನ ಬ್ಯಾಂಡಲ್ಲಿ ಎರಡು ಎಲೆಕ್ಟ್ರಿಕ್ ಗಿಟಾರು ಡಿಸ್ಟಾರ್ಷನ್ ಹಾಕ್ಕೊಂಡು ಕೂಗ್ತಾವೆ, ಡ್ರಮ್ಸ್ ಇದೆ, ತಬಲಾ ಇಲ್ಲ. ಅವನಿಗೆ ಫ್ಲ್ಯಾಟ್ಸ್ ಹಾಕು ಅಂದ್ರೆ ಆ ಗಲಾಟೇಲಿ ಮುಳುಗಿಹೋಗ್ತಾನೆ, ಅವನ ಕಿವಿಗೆ ಹಿತ ಅನ್ಸಿದ್ದೇ ಅವನ ಜಾಗಕ್ಕೂ ಸರಿ. ನಿಕ್ಕಲ್ ಲೇಪನದ ರೌಂಡ್ಸ್ ಹಾಕು ಅಂದೆ. ಸ್ಟೇನ್‌ಲೆಸ್ಸು ಇನ್ನೂ ಚುರುಕು ಹೌದು, ಆದ್ರೆ ಒರಟು, ಬೆರಳನ್ನೂ ತಿನ್ನುತ್ತೆ ಕುತ್ತಿಗೆ ಮೇಲಿನ ಲೋಹದ ಪಟ್ಟಿ, ಫ್ರೆಟ್ಟು, ಅದನ್ನೂ ಸವೆಸುತ್ತೆ, ನನ್ನ ಹಳೇ ಬೇಸಿನ ಮೊದಲ ಐದು ಫ್ರೆಟ್ಟಿನ ಮೇಲೆ ಹಳ್ಳ ಬಿದ್ದಿರೋದು ಅದರಿಂದಲೇ.

ಇನ್ನು ದಪ್ಪ. 45-105 ಅಂತ ಬರೆದಿರ್ತಾರಲ್ಲ ಪ್ಯಾಕೆಟ್ ಮೇಲೆ, ಅದು ಇಂಚಿನ ಸಾವಿರದ ಲೆಕ್ಕ, ಸಣ್ಣ ತಂತಿ 0.045 ಇಂಚು, ದಪ್ಪದ್ದು 0.105. ಮಾಮೂಲಿ ಶ್ರುತಿಗೆ ಅದೇ ಸಾಕು. ಕೈ ಇನ್ನೂ ಪಳಗಿಲ್ಲ ಅಂದ್ರೆ 40-100 ಹಗುರ. ಇವರ ಬ್ಯಾಂಡಿನ ಹಾಡುಗಾರನಿಗೆ ಸ್ವರ ಏರಲ್ಲ ಅಂತ ಎಲ್ಲಾ ವಾದ್ಯ ಒಂದು ಮನೆ, ಅಂದ್ರೆ ಒಂದು ಫ್ರೆಟ್ಟಿನಷ್ಟು, ಇಳಿಸಿಕೊಂಡು ನುಡಿಸ್ತಾರಂತೆ, ಅದಕ್ಕೆ 50-105 ನೋಡು ಅಂದೆ, ಸಣ್ಣ ತಂತಿನ ಇಳಿಸಿದ್ರೆ ಸಡಿಲ ಆಗಿ ಫ್ರೆಟ್ಟಿಗೆ ಬಡಿಯುತ್ತೆ. ಐದು ತಂತಿ ಬೇಸ್ ಇರೋರು ಕೆಳಗಿನ ಬಿ ತಂತಿ 130 ಇದೆಯಾ ನೋಡ್ಕೊಳ್ಳಿ, 125 ನನ್ನ ಕೈಗೆ ಲೊಳಲೊಳ ಅನ್ಸುತ್ತೆ. ಆಮೇಲೆ ಉದ್ದ, ಸಾಮಾನ್ಯ ಬೇಸ್ 34 ಇಂಚಿನ ಸ್ಕೇಲು, ಅಂದ್ರೆ ತಂತಿ ಕಂಪಿಸೋ ಉದ್ದ, ಅದಕ್ಕೆ ಲಾಂಗ್ ಸ್ಕೇಲ್ ಅಂತ ಬರೆದಿರೋ ಪ್ಯಾಕೆಟ್ಟೇ ತಗೋಬೇಕು.

ನಮ್ಮ ಕಡೆ ಇನ್ನೊಂದು ತಾಪತ್ರಯ ಬೆವರು ಮತ್ತೆ ಇಬ್ಬನಿ. ಬಯಲಲ್ಲಿ ಸ್ಟೇಜ್, ಹತ್ತು ಗಂಟೆ ಮೇಲೆ ತಂತಿ ಮುಟ್ಟಿದ್ರೆ ಒದ್ದೆ. ಮಂಗಳೂರು, ಉಡುಪಿ ಕಡೆ ಹೋದ್ರಂತೂ ಒಂದೇ ವಾರಕ್ಕೆ ರೌಂಡ್ಸ್ ಮಂಕಾಗುತ್ತೆ. ಸುತ್ತಿನ ಸಂದಿಗೆ ಕೊಳೆ ಬೆವರು ಸೇರ್ಕೊಂಡು ಭಾರ ಆಗುತ್ತೆ, ಮೇಲಿನ ಸದ್ದು ಸಾಯುತ್ತೆ. ಕಾರ್ಯಕ್ರಮ ಮುಗಿದ ತಕ್ಷಣ ಹಳೇ ಕಾಟನ್ ಬನಿಯನ್ ಬಟ್ಟೇಲಿ ತಂತಿಯ ಕೆಳಭಾಗನೂ ಹಿಡಿದು ಒರೆಸು, ಊಟಕ್ಕೆ ಹೋಗೋ ಮುಂಚೆನೇ. ಹಳೇ ರೌಂಡ್ಸ್ ಬಿಚ್ಚಿ ನೀರಲ್ಲಿ ಹತ್ತು ನಿಮಿಷ ಕುದಿಸಿ ಚೆನ್ನಾಗಿ ಒಣಗಿಸಿದ್ರೆ ಒಂದೆರಡು ಪ್ರೋಗ್ರಾಮಿಗೆ ಮತ್ತೆ ಜೀವ ಬರುತ್ತೆ, ಕೈಯಲ್ಲಿ ದುಡ್ಡಿಲ್ಲದ ವರ್ಷಗಳಲ್ಲಿ ಎಷ್ಟೋ ಸಲ ಮಾಡಿದೀನಿ.

ಆನ್‌ಲೈನಲ್ಲಿ ತೀರಾ ಕಮ್ಮಿ ರೇಟಿಗೆ ಸಿಕ್ರೆ ಹುಷಾರು. ಒಂದ್ಸಲ ಹಂಗೆ ತರಿಸಿದ್ದೆ, ಪ್ಯಾಕೆಟ್ ನೋಡೋಕೆ ಅಸಲಿ ಥರಾನೇ, ಹಾಕಿದ್ರೆ ಎ ತಂತಿ ಹನ್ನೆರಡನೇ ಫ್ರೆಟ್ಟಲ್ಲಿ ಶ್ರುತಿಗೇ ಬರಲಿಲ್ಲ, ಎರಡು ಗಂಟೆ ಕುದುರೆ ಹಿಂದೆ ಮುಂದೆ ಸರಿಸಿ ಸುಸ್ತಾಗಿ ಬಿಸಾಕ್ದೆ. ಮಾರನೇ ದಿನ ಮದುವೆ ಪ್ರೋಗ್ರಾಮ್ ಇತ್ತು, ಅದಕ್ಕೆ ಸಿಟ್ಟು ಇನ್ನೂ ಹೋಗಿಲ್ಲ.

ಭಾನುವಾರ ಹುಡುಗ ಬೇಸ್ ಎತ್ಕೊಂಡು ಮನೆಗೇ ಬಂದ, 50-105 ನಿಕ್ಕಲ್ ಸೆಟ್ ತಂದಿದ್ದ. ಮೊದಲ ತಂತಿ ನಾನು ಹಾಕಿ ತೋರಿಸ್ದೆ, ಬಿರಡೆಯಿಂದ ಆಚೆಗೆ ಒಂದೂವರೆ ಬಿರಡೆ ದೂರ ಅಳತೆ ಬಿಟ್ಟು, ಕತ್ತರಿಸೋ ಮುಂಚೆ ಅಲ್ಲಿ ಚೂಪಾಗಿ ಬಗ್ಗಿಸಬೇಕು, ಬಗ್ಗಿಸದೇ ಕತ್ತರಿಸಿದ್ರೆ ಒಳಗಿನ ತಂತಿ ಮೇಲೆ ಸುತ್ತು ಸಡಿಲ ಆಗೋ ಅಪಾಯ ಇದೆ. ತುದಿನ ಬಿರಡೆಯ ನಡುವಿನ ತೂತಿಗೆ ಇಳಿಸಿ, ಸುತ್ತು ಒಂದರ ಕೆಳಗೊಂದು ಬರೋ ಹಾಗೆ ತಿರುಗಿಸೋದು. ಮಿಕ್ಕ ಮೂರು ಅವನೇ ಹಾಕ್ದ, ಜಿ ತಂತಿ ಒಂದು ಚೂರು ಗಿಡ್ಡ ಕತ್ತರಿಸಿಬಿಟ್ಟ, ಆದ್ರೂ ಎರಡು ಸುತ್ತು ಬಂತು, ನಡೆಯುತ್ತೆ. ಮುಂಚೆ ಇದ್ದದ್ದು ಸಣ್ಣ ತಂತಿ ಅನ್ಸುತ್ತೆ, ಈಗಿನ ಎಳೆತಕ್ಕೆ ಕುತ್ತಿಗೆ ಸ್ವಲ್ಪ ಮುಂದಕ್ಕೆ ಬಾಗಿತ್ತು, ಕುತ್ತಿಗೆ ಒಳಗಿರೋ ಕಂಬಿ, ಟ್ರಸ್ ರಾಡ್, ಅದನ್ನ ಕಾಲು ಸುತ್ತು ಬಿಗಿ ಮಾಡಿದ್ವಿ. ಹೊಸ ತಂತಿ ಹಿಗ್ಗುತ್ತೆ, ರಾತ್ರಿ ಒಂದ್ಸಲ ಬೆಳಗ್ಗೆ ಒಂದ್ಸಲ ಶ್ರುತಿ ಮಾಡ್ಕೋ ಅಂತ ಹೇಳಿ ಕಳಿಸ್ದೆ. ಹೋಗೋ ಮುಂಚೆ ಮೂಲೇಲಿದ್ದ ನನ್ನ ಬೇಸ್ ಎತ್ಕೊಂಡು ಫ್ಲ್ಯಾಟ್ಸ್ ಮೇಲೆ ಬೆರಳು ಜಾರಿಸ್ತಾ ನಿಂತಿದ್ದ ಸ್ವಲ್ಪ ಹೊತ್ತು, "ಅಣ್ಣ, ಸದ್ದೇ ಬರಲ್ವಲ್ಲ ಬೆರಳು ಎಳೆದ್ರೆ" ಅಂತ.