ಸೋಣ ತಿಂಗಳಲ್ಲಿ ಪದವು ಹತ್ತಿದ್ದು

ಕಾಸರಗೋಡಿಗೆ ಕ್ಯಾಮೆರಾ ಹಿಡ್ಕೊಂಡು ಹೋಗ್ತೇನೆ ಅಂದ್ರೆ ಎಲ್ರೂ "ಬೇಕಲ ಕೋಟೆಗಾ?" ಅಂತಲೇ ಕೇಳೋದು. ಬೇಕಲ ಚಂದವೇ, ಆದ್ರೆ ನಂಗೆ ಬೇಕಾದದ್ದು ಪದವು. ಗುಡ್ಡದ ನೆತ್ತಿಯಲ್ಲಿ ಹರಡಿಕೊಂಡಿರೋ ಮುರಕಲ್ಲಿನ, ಅಂದ್ರೆ ಕೆಂಪು ಕಲ್ಲಿನ ಬಯಲು, ಮರ ಇಲ್ಲ ನೆರಳಿಲ್ಲ, ಬೇಸಿಗೆಯಲ್ಲಿ ಕಾಲಿಟ್ರೆ ದೋಸೆ ಕಾವಲಿ ಮೇಲೆ ನಿಂತ ಹಾಗೆ. ಅದಕ್ಕೇ ಎಷ್ಟೋ ಜನ ಅದನ್ನ ಬಂಜರು ಭೂಮಿ ಅಂತ ಹೇಳಿ ಮುಗಿಸ್ತಾರೆ. ಮಳೆಗಾಲದಲ್ಲಿ ಒಮ್ಮೆ ನೋಡಿದವರು ಹಾಗೆ ಹೇಳ್ಲಿಕ್ಕಿಲ್ಲ.

ಮಂಗಳೂರಿಂದ ಬೆಳಗ್ಗಿನ ಟ್ರೇನಲ್ಲಿ ಹೊರಟು ಮೊದ್ಲು ಮಂಜೇಶ್ವರದಲ್ಲಿ ಇಳ್ದೆ. ಗೋವಿಂದ ಪೈಗಳ ಮನೆ ಈಗ ಸ್ಮಾರಕ, ಹೆಸರು ಗಿಳಿವಿಂಡು, ಅವರ ಕವನ ಸಂಕಲನದ ಹೆಸರೇ ಅದು. ಹೆಂಚಿನ ಮಾಡಿನಿಂದ ನೀರು ಇಳೀತಿತ್ತು, ಎರಡು ಫೋಟೋ ತೆಗ್ದು ಸುಮ್ನೆ ನಿಂತೆ. 1949ರಲ್ಲಿ ಮದ್ರಾಸ್ ಸರ್ಕಾರ ಇವರಿಗೆ ರಾಷ್ಟ್ರಕವಿ ಅಂತ ಗೌರವ ಕೊಡುವಾಗ ಈ ಊರು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, 1956ರ ನವೆಂಬರ್ 1ಕ್ಕೆ ಕೇರಳ ಆಯ್ತು, ಪೈಗಳು ತೀರಿಕೊಂಡದ್ದು 1963ರಲ್ಲಿ. ಮನೆಮಾತು ಕೊಂಕಣಿ, ಅಂಗಳದಾಚೆ ತುಳು, ಬರೆದದ್ದು ಕನ್ನಡ. ಈ ಕಡೆಯವರಿಗೆ ಇದ್ರಲ್ಲಿ ವಿಶೇಷ ಏನೂ ಅನ್ಸೋದಿಲ್ಲ, ನಮ್ಮ ಮನೆಗಳೂ ಹಾಗೇ ಅಲ್ವಾ.

ಅಲ್ಲಿಂದ ಬಸ್ಸಲ್ಲಿ ಕುಂಬಳೆ. ಯಕ್ಷಗಾನದ ರಾಮಾಯಣ ಪ್ರಸಂಗಗಳ ಮಾತು ಬಂದ್ರೆ ಕುಂಬಳೆಯ ಪಾರ್ತಿಸುಬ್ಬನ ಹೆಸರು ಬರ್ಲೇಬೇಕು, ಆದ್ರೆ ಅವತ್ತು ಅಲ್ಲಿ ನಿಲ್ಲುವಷ್ಟು ಟೈಮಿರ್ಲಿಲ್ಲ, ಬದಿಯಡ್ಕ ರೋಡಲ್ಲಿ ನಾಯ್ಕಾಪಿನ ಹತ್ರ ಮಾವ ಕೊಡೆ ಹಿಡ್ಕೊಂಡು ಕಾಯ್ತಾ ಇದ್ರು. ಅನಂತಪುರದ ಕೆರೆ ದೇವಸ್ಥಾನಕ್ಕೆ ಕೈ ಮುಗ್ದು (ಆ ಕೆರೆಯಲ್ಲೇ ಇದ್ದ ಬಬಿಯ ಅನ್ನೋ ಮೊಸಳೆ 2022ರಲ್ಲಿ ತೀರಿಹೋದ ಮೇಲೆ ನಾನು ಹೋದದ್ದು ಇದೇ ಮೊದ್ಲು, ಕಣ್ಣು ತಾನಾಗೇ ನೀರಿನ ಕಡೆ ಹೋಯ್ತು) ಪದವಿನ ದಾರಿ ಹಿಡಿದೆವು.

"ಚಪ್ಪಲಿ ಕೈಯಲ್ಲಿ ಹಿಡ್ಕೊ, ಪಾಚಿ ಉಂಟು, ಜಾರ್ತದೆ," ಅಂದ್ರು ಮಾವ.

ಮೊದ್ಲು ಕಂಡದ್ದು ಬರೀ ಹಸಿರು ಹುಲ್ಲು ಮತ್ತೆ ಕಲ್ಲಿನ ತಗ್ಗಲ್ಲಿ ನಿಂತ ಮಳೆನೀರು. ಇನ್ನೂ ಹತ್ತು ಹೆಜ್ಜೆ ಹೋದ ಮೇಲೆ ನೆಲವೇ ನೀಲಿ! ಒಂದೊಂದು ಹೂವೂ ಕಿರುಬೆರಳಿನ ಉಗುರಿನಷ್ಟು, ನೂಲಿನಷ್ಟು ಸಪೂರ ದಂಟು, ಮಲಯಾಳದಲ್ಲಿ ಕಾಕಪ್ಪೂವ್ ಅಂತಾರೆ, ಶಾಸ್ತ್ರೀಯ ಹೆಸರು ಯುಟ್ರಿಕ್ಯುಲೇರಿಯಾ. ನೋಡ್ಲಿಕ್ಕೆ ಇಷ್ಟು ಪಾಪದ್ದು, ಆದ್ರೆ ಕೀಟಾಹಾರಿ ಗಿಡ. ಕಲ್ಲಿನ ಮೇಲೆ ಮಣ್ಣು ಬೆರಳುದ್ದವೂ ಇಲ್ಲ, ಇದ್ದ ಸಾರವನ್ನೂ ಮಳೆ ತೊಳ್ಕೊಂಡು ಹೋಗ್ತದೆ, ಹಾಗಾಗಿ ಬುಡದಲ್ಲಿರೋ ಸಣ್ಣ ಸಣ್ಣ ಚೀಲಗಳಲ್ಲಿ ನೀರಿನ ಸೂಕ್ಷ್ಮ ಜೀವಿಗಳನ್ನ ಹಿಡ್ದು ಬದುಕ್ತದೆ. ಪಕ್ಕದಲ್ಲೇ ಡ್ರೋಸೆರಾ, ಕೆಂಪು ರೋಮಗಳ ತುದಿಯಲ್ಲಿ ಅಂಟಿನ ಹನಿ, ಅದ್ರಲ್ಲೊಂದು ಸೊಳ್ಳೆ ಸಿಕ್ಕಿತ್ತು. ಮಧ್ಯೆ ಮಧ್ಯೆ ಅಂಗಿಯ ಬಿಳಿ ಗುಂಡಿ ಚೆಲ್ಲಿದ ಹಾಗೆ ಎರಿಯೋಕಾಲಾನ್ ಹೂಗಳು.

ಇದನ್ನ ನಿಂತ್ಕೊಂಡು ತೆಗೆದ್ರೆ ಏನೂ ಬರೋದಿಲ್ಲ, ನೀಲಿ ಚುಕ್ಕಿ ಅಷ್ಟೇ. ಪ್ಲಾಸ್ಟಿಕ್ ಶೀಟು ಹಾಸಿ ಹೊಟ್ಟೆ ಮೇಲೆ ಮಲಗ್ಬೇಕು, ಲೆನ್ಸು ಹೂವಿನ ಮಟ್ಟಕ್ಕೇ ಇಳೀಬೇಕು. ಬಿಸಿಲು ಬಂದ್ರೆ ನೀಲಿ ಬಿಳಿಚಿಕೊಳ್ತದೆ, ತೆಳು ಮೋಡದ ಬೆಳಕೇ ಒಳ್ಳೇದು, ನಾನು ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ ಇಟ್ಟಿದ್ದೆ. ಕಷ್ಟ ಕೊಟ್ಟದ್ದು ಗಾಳಿ, ದಂಟು ನಿಂತಲ್ಲಿ ನಿಲ್ಲೋದಿಲ್ಲ, ಮಾವ ಕೊಡೆ ಅಡ್ಡ ಹಿಡ್ದು ಮುಕ್ಕಾಲು ಗಂಟೆ ಕೂತ್ರು, ಒಂದ್ಸಲವೂ "ಆಯ್ತಾ" ಅಂತ ಕೇಳ್ಲಿಲ್ಲ. ಮಳೆ ಬಂತು, ನಿಂತಿತು, ಮತ್ತೆ ಬಂತು.

ಪದವಿನ ಆಚೆ ತುದಿಗೆ ಹೋದಾಗ ಕಲ್ಲಿನ ಕೋರೆ. ಮೆಟ್ಟಿಲು ಮೆಟ್ಟಿಲಾಗಿ ಕಡ್ದ ಕೆಂಪು ಗುಂಡಿ, ತುಂಬ ನೀರು. ಬ್ರಿಟಿಷರ ಕಾಲದ ಸರ್ವೇಕ್ಷಕ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟದ್ದು ಲ್ಯಾಟಿನ್ನಿನ ಇಟ್ಟಿಗೆ ಅನ್ನೋ ಶಬ್ದದಿಂದ. ನೆಲದಡಿ ಮೆತ್ತಗಿರ್ತದೆ, ಕಡ್ದು ಗಾಳಿಗೆ ಬಿಟ್ರೆ ಗಟ್ಟಿ. ನಮ್ಮ ಮನೆಗಳ ಗೋಡೆಯೂ ಇದೇ ಕಲ್ಲು, ಹಾಗಾಗಿ ಕೋರೆಯನ್ನ ಬೈಲಿಕ್ಕೆ ನಂಗೆ ಬಾಯಿ ಬರೋದಿಲ್ಲ. ಆದ್ರೆ ಕಡ್ದ ಜಾಗದಲ್ಲಿ ಒಂದೇ ಒಂದು ನೀಲಿ ಹೂ ಇರ್ಲಿಲ್ಲ, ಅದು ಎದೆಗೆ ಚುಚ್ಚಿತು, ಆ ಗುಂಡಿಯ ಫೋಟೋವನ್ನೂ ತೆಗ್ದೆ.

ಸಂಜೆ ಪೆರಡಾಲ. ಇದು ಕಯ್ಯಾರ ಕಿಞ್ಞಣ್ಣ ರೈಗಳ ಊರು, 1915ರಲ್ಲಿ ಹುಟ್ಟಿ 2015ರ ತನಕ ನೂರು ವರ್ಷ ಬಾಳಿದವರು, ಮೇಷ್ಟ್ರು, ಕೃಷಿಕ, ಕವಿ. ಕಾಸರಗೋಡು ಕೇರಳಕ್ಕೆ ಹೋದ ಸಂಕಟದಲ್ಲಿ ಅವರು ಬರೆದ "ಬೆಂಕಿ ಬಿದ್ದಿದೆ ಮನೆಗೆ" ಮಾವನಿಗೆ ಬಾಯಿಪಾಠ, ಅಡಕೆ ತೋಟದ ಬದಿಯಲ್ಲಿ ನಡೀತಾ ಪೂರ್ತಿ ಹೇಳಿದ್ರು, ಸ್ವರ ಒಂದು ಕಡೆ ನಡುಗಿತು. ಆಗ ಕ್ಯಾಮೆರಾ ಚೀಲದ ಒಳಗೇ ಇತ್ತು, ತೆಗೀಬೇಕು ಅಂತ ಅನ್ನಿಸ್ಲೂ ಇಲ್ಲ.

ಮರುದಿನ ಬೆಳಗ್ಗೆ ಅತ್ತೆ ಹೊಸ್ತಿಲು ತೊಳ್ದು ರಂಗೋಲಿ ಬರ್ದು ಹೂ ಇಟ್ಟು ಪೂಜೆ ಮಾಡ್ತಾ ಇದ್ರು, ಸೋಣ ಅಂದ್ರೆ ನಮ್ಮ ತುಳುವರ ಸಿಂಹ ಮಾಸ, ಆ ತಿಂಗಳಲ್ವಾ. ಅದೇ ಹೊತ್ತಿಗೆ ಪಕ್ಕದ ಮನೆಯ ಇಬ್ರು ಹುಡುಗೀರು ಪದವಿನಿಂದ ಓಡ್ಕೊಂಡು ಬಂದ್ರು, ಅವರಿಗೆ ಇದೇ ತಿಂಗಳು ಚಿಙ್ಙಂ, ಓಣಂನ ಹೂಕಳಕ್ಕೆ, ಅಂದ್ರೆ ಹೂವಿನ ರಂಗೋಲಿಗೆ, ಹೂ ಬೇಕು. ಸಣ್ಣವಳು ಮುಷ್ಟಿ ಬಿಡಿಸಿ ತೋರಿಸಿದ್ಲು, ಒಳಗೆ ಒದ್ದೆ ನೀಲಿ. "ಅತ್ತೆ, ನಿಮ್ಗೂ ಬೇಕಾ?" ಅಂತ ಕನ್ನಡದಲ್ಲೇ ಕೇಳಿ, ಉತ್ತರಕ್ಕೂ ಕಾಯದೆ ಹೊಸ್ತಿಲ ಮೇಲೆ ನಾಲ್ಕು ಹೂ ಇಟ್ಟು ಹೋದ್ಲು.