ಏರ್ ರೈಫಲ್‌ಗೆ ಪೆಲೆಟ್ ಹೊಂದಿಸುವುದು: ತಕ್ಕಡಿಗಿಂತ ಮೊದಲು ನೋಡಬೇಕಾದದ್ದು

ಬೇಟೆ ರೈಫಲ್‌ನ ಕಾಡತೂಸನ್ನು ಮನೆಯಲ್ಲೇ ತುಂಬುವ ಅಮೆರಿಕದ ವಿಡಿಯೊ ನೋಡಿ, "ಇದನ್ನ ನಮ್ಮ ಬೆಳಗಾವಿಯೊಳಗೂ ಮಾಡಬಹುದೇನ್ರಿ?" ಎಂದು ಕೇಳುವವರು ಇದ್ದಾರೆ. ಮಾಡುವಂತಿಲ್ಲ. ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ನಿಷಿದ್ಧ. ಕೈಯಲ್ಲಿರುವ ಬಂದೂಕಿನ ಲೈಸೆನ್ಸ್ ಇಟ್ಟುಕೊಳ್ಳಲಿಕ್ಕೆ ಕೊಟ್ಟದ್ದು, ತಯಾರಿಸಲಿಕ್ಕೆ ಅಲ್ಲ. ಬೇಟೆಯ ದಾರಿಯನ್ನಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮುಚ್ಚಿದೆ.

ಆದರೆ ಆ ಕೆಲಸದ ಒಳಗಿನ ಶಿಸ್ತು ಎಲ್ಲಿಗೂ ಹೋಗಿಲ್ಲ. ಪ್ರತಿ ಗುಂಡೂ ಹಿಂದಿನದರಂತೆಯೇ ಇರಬೇಕು, ಈ ನಳಿಗೆಗೆ ಯಾವುದು ಒಗ್ಗುತ್ತದೆ ಎಂದು ಕಾಗದದ ಮೇಲೆ ಹೊಡೆದೇ ತಿಳಿಯಬೇಕು. 10 ಮೀಟರ್ ಏರ್ ರೈಫಲ್‌ಗೂ ಇದೇ ಮಾತು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ವ್ಯಾಸ 0.177 ಇಂಚು, ಅಂದರೆ 4.5 ಮಿ.ಮೀ. ಮೀರದ, ಶಕ್ತಿ 20 ಜೂಲ್ ಮೀರದ ಏರ್ ಗನ್‌ಗೆ ಲೈಸೆನ್ಸ್ ಬೇಕಿಲ್ಲ. ಸ್ಪರ್ಧೆಯ ರೈಫಲ್ ಕೊಡುವುದು 7.5ರಿಂದ 8 ಜೂಲ್ ಅಷ್ಟೇ. ಲೈಸೆನ್ಸ್ ಬೇಡವೆಂದು ಹೊಲಕ್ಕೆ ಬಂದ ನವಿಲಿನ ಕಡೆ ತಿರುಗಿಸಿದರೆ ಮತ್ತೆ 1972ರ ಕಾಯ್ದೆಗೇ ಸಿಕ್ಕಿಬೀಳುತ್ತೀರಿ.

ಮೊದಲು ಒಂದಿಷ್ಟು ಲೆಕ್ಕ. ಇದು ಗೊತ್ತಿಲ್ಲದವರು ಬೇಡವಾದದ್ದಕ್ಕೆ ದುಡ್ಡು ಸುರಿಯುತ್ತಾರೆ. 10 ಮೀಟರ್ ಏರ್ ರೈಫಲ್ ಟಾರ್ಗೆಟ್‌ನ ನಡುವಿನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್ ಮಾತ್ರ. ಪೆಲೆಟ್‌ನ, ಅಂದರೆ ಏರ್ ರೈಫಲ್‌ನ ಸೀಸದ ಗುಂಡಿನ, ಅಂಚು ಅದಕ್ಕೆ ತಾಗಿದರೂ ಹತ್ತು ಸಿಗುವುದರಿಂದ, ಪೆಲೆಟ್‌ನ ಮಧ್ಯಬಿಂದು ಟಾರ್ಗೆಟ್‌ನ ಮಧ್ಯದಿಂದ 2.5 ಮಿ.ಮೀ. ಒಳಗಿದ್ದರೆ ಸಾಕು. ದಶಮಾಂಶದ ಎಣಿಕೆಯಲ್ಲಿ ಪ್ರತಿ 0.1 ಅಂಕಕ್ಕೆ 0.25 ಮಿ.ಮೀ. ಇನ್ನು ವೇಗ. ಸೆಕೆಂಡಿಗೆ 172 ಮೀಟರ್ ವೇಗದಲ್ಲಿ ಹೊರಟ ಪೆಲೆಟ್ 10 ಮೀಟರ್ ಮುಟ್ಟುವಷ್ಟರಲ್ಲಿ ಸುಮಾರು 16.5 ಮಿ.ಮೀ. ಕೆಳಗಿಳಿದಿರುತ್ತದೆ. ಸೈಟ್, ಅಂದರೆ ಗುರಿ ನೋಡುವ ಸಾಧನ, ಹೊಂದಿಸುವಾಗ ಈ ಇಳಿತ ಸರಿಹೋಗುತ್ತದೆ, ನಿಜ. ಆದರೆ ವೇಗದಲ್ಲಿ ಸೆಕೆಂಡಿಗೆ 1 ಮೀಟರ್ ಹೆಚ್ಚುಕಡಿಮೆಯಾದರೂ ಪೆಲೆಟ್ 0.2 ಮಿ.ಮೀ. ಮೇಲೆ ಕೆಳಗೆ ಬೀಳುತ್ತದೆ. 5 ಮೀಟರ್ ವ್ಯತ್ಯಾಸವಾದರೆ ಹತ್ತಿರಹತ್ತಿರ ಒಂದು ಮಿಲಿಮೀಟರ್, ಅಂದರೆ 0.4 ಅಂಕ.

ಈಗ ತೂಕಕ್ಕೆ ಬನ್ನಿ. ರೈಫಲ್‌ನ ಮ್ಯಾಚ್ ಪೆಲೆಟ್, ಅಂದರೆ ಸ್ಪರ್ಧೆಗೆಂದೇ ಮಾಡಿದ್ದು, ಸಾಮಾನ್ಯವಾಗಿ 0.53 ಗ್ರಾಂ ಆಸುಪಾಸು. ಅದರಲ್ಲಿ 0.01 ಗ್ರಾಂ ಅಂದರೆ ಶೇಕಡಾ 2. ಗಾಳಿ ಕೊಡುವ ಶಕ್ತಿ ಅಷ್ಟೇ ಇದ್ದರೆ ವೇಗ ಶೇಕಡಾ 1 ಬದಲಾಗುತ್ತದೆ, ಕಾಗದದ ಮೇಲೆ 0.3 ಮಿ.ಮೀ. ವ್ಯತ್ಯಾಸ ಕಾಣುತ್ತದೆ. ಒಳ್ಳೆಯ ಡಬ್ಬಿಯೊಳಗಿನ ಪೆಲೆಟ್‌ಗಳಲ್ಲಿ ಇಷ್ಟು ವ್ಯತ್ಯಾಸವೂ ಅಪರೂಪ. ಹೊಸಬರು ಬಂಗಾರದ ಅಂಗಡಿಯವರ ಹಾಗೆ ಮಿಲಿಗ್ರಾಂ ತಕ್ಕಡಿ ಹಿಡಿದು 500 ಪೆಲೆಟ್‌ಗಳನ್ನು ಒಂದೊಂದಾಗಿ ತೂಗುತ್ತ ಕುಳಿತರೆ ಸಂಜೆಯೆಲ್ಲ ಅದಕ್ಕೇ ಹೋಗುತ್ತದೆ, ಅಂಕ ಏರುವುದಿಲ್ಲ. ಅಗ್ಗದ ಡಬ್ಬಿಯಾದರೆ ಮಾತು ಬೇರೆ. ಅಲ್ಲಿ 0.01 ಗ್ರಾಂ ಅಂತರದ ಗುಂಪು ಮಾಡಿ, ಎರಡು ತುದಿಯವನ್ನು ಅಭ್ಯಾಸಕ್ಕೆ ಬಿಟ್ಟು, ನಡುವಿನ ಗುಂಪನ್ನು ಸ್ಪರ್ಧೆಗೆ ಇಟ್ಟುಕೊಳ್ಳಿ.

ತೂಕಕ್ಕಿಂತ ಹೆಚ್ಚು ಕೆಲಸ ಮಾಡುವುದು ತಲೆಯ ಅಳತೆ. ಮ್ಯಾಚ್ ಪೆಲೆಟ್ 4.49, 4.50, 4.51 ಮಿ.ಮೀ. ಹೀಗೆ ಬೇರೆ ಬೇರೆ ಅಳತೆಯಲ್ಲಿ ಬರುತ್ತದೆ, ಡಬ್ಬಿಯ ಮೇಲೆ ಅಚ್ಚಾಗಿರುತ್ತದೆ. ತಲೆ ನಳಿಗೆಯ ಒಳಗಿನ ಸುತ್ತುಗೀರುಗಳ ಮೇಲೆ ಜಾರುತ್ತ ಪೆಲೆಟ್ಟನ್ನು ನೇರ ಹಿಡಿಯುತ್ತದೆ. ಹಿಂದಿನ ತೆಳು ಅಂಚು, ಅಂದರೆ ಸ್ಕರ್ಟ್, ಗಾಳಿಯ ಒತ್ತಡಕ್ಕೆ ಹಿಗ್ಗಿ ನಳಿಗೆಯನ್ನು ಮುಚ್ಚುತ್ತದೆ. ತಲೆ ಸಡಿಲಾದರೆ ಪೆಲೆಟ್ ಓಲಾಡುತ್ತ ಹೋಗುತ್ತದೆ. ಬಿಗಿಯಾದರೆ ಘರ್ಷಣೆ ಹೆಚ್ಚಿ ವೇಗ ಏರುಪೇರಾಗುತ್ತದೆ. ಒಂದೇ ಕಂಪನಿಯ ಒಂದೇ ಮಾಡೆಲ್‌ನ ಎರಡು ರೈಫಲ್‌ಗಳಿಗೂ ಒಂದೇ ಅಳತೆ ಒಗ್ಗಬೇಕೆಂದಿಲ್ಲ. ಆದ್ದರಿಂದ "ಅವರು 4.50 ಹೊಡೀತಾರ, ನನಗೂ ಅದೇ ಕೊಡ್ರಿ" ಎನ್ನುವುದು ದಂಡ.

ಆಕಾರದ ವಿಷಯ ಬೇಗ ಮುಗಿಯುತ್ತದೆ. 10 ಮೀಟರಿಗೆ ಚಪ್ಪಟೆ ತಲೆಯದೇ ಸರಿ, ಕಾಗದದಲ್ಲಿ ಪಂಚ್ ಹೊಡೆದಂತೆ ದುಂಡು ರಂಧ್ರ ಬೀಳುತ್ತದೆ. 25 ಮೀಟರ್ ದಾಟಿದರೆ ದುಂಡು ತಲೆಯದು. ಚೂಪು ಮೂತಿಯದು ನೋಡಲಿಕ್ಕೆ ಚೆಂದ, ಗುರಿಗೆ ಅದರಿಂದ ಲಾಭವಿಲ್ಲ.

ಪರೀಕ್ಷೆಗೆ ಮೂರು ಅಳತೆಯ ಡಬ್ಬಿ, ಸಾಧ್ಯವಾದರೆ ಎರಡು ಕಂಪನಿಯವು ತನ್ನಿ. ಆರ್‌ಡಬ್ಲ್ಯೂಎಸ್ ಆರ್10, ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್, ಜೆಎಸ್‌ಬಿ ಇವು ಬಹಳ ಮಂದಿ ಬಳಸುವಂಥವು. ಪಿಸಿಪಿ ರೈಫಲ್, ಅಂದರೆ ಸಿಲಿಂಡರ್‌ನಲ್ಲಿ ಮೊದಲೇ ಒತ್ತಿ ತುಂಬಿದ ಗಾಳಿಯಿಂದ ಹೊಡೆಯುವಂಥದ್ದು, ಆಗಿದ್ದರೆ ಮೇಜಿಗೆ ಬಿಗಿದ ವೈಸ್‌ನಲ್ಲಿ ಹಿಡಿಸಿ, ಇಲ್ಲವೇ ಎರಡು ಮರಳುಚೀಲದ ಮೇಲೆ ಕೂರಿಸಿ. ಸೈಟ್‌ನ ಮತ್ತು ಸ್ಟಾಕ್‌ನ, ಅಂದರೆ ಬಂದೂಕಿನ ಹಿಡಿಯ, ಸ್ಕ್ರೂಗಳನ್ನು ಮೊದಲೇ ನೋಡಿಕೊಳ್ಳಿ. ಒಂದು ಸಡಿಲ ಸ್ಕ್ರೂ ಇಡೀ ದಿನದ ಪರೀಕ್ಷೆಯನ್ನು ಹಾಳುಮಾಡುತ್ತದೆ, ತಪ್ಪು ಪೆಲೆಟ್‌ನ ತಲೆಗೆ ಬರುತ್ತದೆ. ಸ್ಪ್ರಿಂಗ್ ಗನ್ನನ್ನು ಮಾತ್ರ ವೈಸ್‌ಗೆ ಹಾಕಬೇಡಿ. ಪಿಸ್ಟನ್ ಮುಂದೆ ನುಗ್ಗಿ ನಿಂತಾಗ ಬಂದೂಕು ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತದೆ, ಆ ಜಿಗಿತ ಪ್ರತಿ ಸಲ ಒಂದೇ ರೀತಿ ಆಗಲು ಬಿಡಬೇಕು. ಮುಂದಿನ ಕೈಯನ್ನು ಬಿಚ್ಚಿ ಬಂದೂಕನ್ನು ಅಂಗೈ ಮೇಲೆ ಸುಮ್ಮನೆ ಇಟ್ಟುಕೊಂಡು ಹೊಡೆಯಿರಿ, ಅಪ್ಪಿ ಹಿಡಿದರೆ ಕಾಗದದ ಮೇಲಿನ ರಂಧ್ರಗಳ ಗುಂಪು ಚೆಲ್ಲಾಪಿಲ್ಲಿ.

ಪೆಲೆಟ್ ಬದಲಿಸಿದಾಗಲೆಲ್ಲ ಮೊದಲ 10–15 ಹೊಡೆತ ಲೆಕ್ಕಕ್ಕಿಲ್ಲ, ನಳಿಗೆಯಲ್ಲಿ ಹೊಸ ಸೀಸದ ಪದರ ಕೂರುವವರೆಗೆ ಬಿಡಿ. ಆಮೇಲೆ ಒಂದು ಕಾಗದಕ್ಕೆ 10 ಹೊಡೆತದಂತೆ ಕನಿಷ್ಠ ಮೂರು ಕಾಗದ. ಐದೇ ಹೊಡೆತಕ್ಕೆ ತೀರ್ಮಾನ ಮಾಡುವವರು ಬಹಳ. ಐದರ ಗುಂಪು ಅದೃಷ್ಟದಿಂದಲೂ ಚಿಕ್ಕದಾಗುತ್ತದೆ, ಹತ್ತರಲ್ಲಿ ಅದರ ಬಣ್ಣ ಬಯಲಾಗುತ್ತದೆ. ಅಳೆಯುವುದು ಸುಲಭ: ರಂಧ್ರದ ಅತಿ ಅಗಲದ ಕಡೆ ಒಂದು ಹೊರಅಂಚಿನಿಂದ ಇನ್ನೊಂದಕ್ಕೆ ವರ್ನಿಯರ್ ಹಿಡಿದು, ಬಂದದ್ದರಲ್ಲಿ 4.5 ಕಳೆಯಿರಿ. ಹೊರಗಿನ ಅಳತೆ 7 ಮಿ.ಮೀ. ಬಂದರೆ ಮಧ್ಯದಿಂದ ಮಧ್ಯಕ್ಕೆ 2.5. ಒಂಬತ್ತು ಒಂದೆಡೆ ಬಿದ್ದು ಒಂದು ಮಾತ್ರ ದೂರ ಹಾರಿದರೆ "ಅದು ನನ್ನ ತಪ್ಪು" ಎಂದು ಬಿಟ್ಟುಬಿಡಬೇಡಿ. ವೈಸ್‌ನಲ್ಲಿ ಕೈಯ ತಪ್ಪು ಕಡಿಮೆ. ಅದೇ ಡಬ್ಬಿಯ ಮೂರೂ ಕಾಗದದಲ್ಲಿ ಒಂದೊಂದು ಹಾರಿದ್ದರೆ ಆ ಡಬ್ಬಿಯಲ್ಲೇ ಸ್ಕರ್ಟ್ ನೆಗ್ಗಿದವು ಇರಬಹುದು.

ನೆಗ್ಗಿದ್ದನ್ನು ಹಿಡಿಯಲು ಕಣ್ಣೇ ಸಾಕು. ಬಿಳಿ ಕಾಗದದ ಮೇಲೆ ಪೆಲೆಟ್‌ಗಳನ್ನು ಸ್ಕರ್ಟ್ ಮೇಲಾಗಿ ನಿಲ್ಲಿಸಿ, ಪಕ್ಕದಿಂದ ದೀಪ ಬಿಡಿ. ಬಾಯಿ ದುಂಡಗಿಲ್ಲದ್ದು, ಅಂಚಿನಲ್ಲಿ ಸೀಸದ ಎಳೆ ಅಂಟಿದ್ದು, ತಲೆಯ ಮೇಲೆ ಗೀರು ಇದ್ದದ್ದು ಬೇರೆ. ಸ್ವಲ್ಪ ನೆಗ್ಗಿದ ಸ್ಕರ್ಟ್ ಒತ್ತಡಕ್ಕೆ ನೆಟ್ಟಗಾಗಬಹುದು, ಆದರೆ ಸ್ಪರ್ಧೆಯ 60 ಹೊಡೆತದಲ್ಲಿ ಅದರ ಮೇಲೆ ಜೂಜು ಯಾಕೆ? ನೆಲಕ್ಕೆ ಬಿದ್ದದ್ದನ್ನು ಎತ್ತಿ ಮತ್ತೆ ಡಬ್ಬಿಗೆ ಹಾಕಬೇಡಿ, ಅದಕ್ಕಂಟಿದ ಮರಳು ನೇರ ನಳಿಗೆಗೆ ಹೋಗುತ್ತದೆ. ಈ ಕೆಲಸಕ್ಕೆ ಅಡುಗೆಮನೆಯ ಪರಾತ ತರಬೇಡಿ. ಸೀಸ ವಿಷ. ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯದೆ ಏನನ್ನೂ ತಿನ್ನಬಾರದು, ಎರಡು ಪೆಲೆಟ್ ಬಾಯಲ್ಲಿ ಹಿಡಿದುಕೊಳ್ಳುವ ಹಳೆಯ ಚಟವಂತೂ ಬೇಡವೇ ಬೇಡ. ಮಕ್ಕಳನ್ನು ಹತ್ತಿರ ಬಿಟ್ಟುಕೊಳ್ಳಬೇಡಿ.

ಪೆಲೆಟ್ ತೊಳೆದು ಎಣ್ಣೆ ಸವರಬೇಕೇ? ಮ್ಯಾಚ್ ಪೆಲೆಟ್‌ಗೆ ಬೇಡ. ಸ್ಪ್ರಿಂಗ್ ಗನ್‌ನಲ್ಲಿ ಎಣ್ಣೆ ಅಪಾಯವೇ. ಪಿಸ್ಟನ್ ಒತ್ತಿದ ಗಾಳಿ ಕಾದು ಆ ಎಣ್ಣೆ ಹೊತ್ತಿಕೊಳ್ಳುತ್ತದೆ, ಚಟ್ ಎಂಬ ಜೋರು ಸದ್ದು, ಸುಟ್ಟ ವಾಸನೆ, ನಳಿಗೆಯ ಬಾಯಲ್ಲಿ ಹೊಗೆ. ಆ ಹೊಡೆತದ ವೇಗ ಎತ್ತಲೋ ಹೋಗುತ್ತದೆ, ಪದೇ ಪದೇ ಆದರೆ ಪಿಸ್ಟನ್ ಸೀಲ್ ಹಾಳು.

ಹವೆಯ ಮಾತು ಬೆಳಗಾವಿ, ವಿಜಯಪುರ, ಬಾಗಲಕೋಟೆ ಈ ನಮ್ಮ ಮೂರು ಜಿಲ್ಲೆಗೂ ಒಂದೇ ಅಲ್ಲ. ಬೆಳಗಾವಿಯ ಮಳೆಗಾಲದಲ್ಲಿ ತೆರೆದ ಡಬ್ಬಿಯ ಸೀಸಕ್ಕೆ ಬಿಳಿ ಬೂದಿಯಂಥ ಪುಡಿ ಹಿಡಿಯುತ್ತದೆ. ಹಾಗಾದದ್ದನ್ನು ಹೊಡೆಯಬೇಡಿ, ಆ ಪುಡಿಯನ್ನು ಊದಲೂ ಬೇಡಿ. ಡಬ್ಬಿಯನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದೊಳಗೆ ಇಡಿ. ಅದೇ ಹಸಿ ಗಾಳಿಯನ್ನು ಕೈಪಂಪಿನಿಂದ ತುಂಬಿದರೆ ನೀರು ಸಿಲಿಂಡರ್‌ನೊಳಗೆ ಸೇರುತ್ತದೆ. ಒಣಗಾಳಿಯ ಫಿಲ್ಟರ್ ಇಲ್ಲದ ಪಂಪು ಮಳೆಗಾಲಕ್ಕೆ ಬೇಡ. ವಿಜಯಪುರ, ಬಾಗಲಕೋಟೆಯ ಬೇಸಿಗೆಯ ಕಷ್ಟ ಬೇರೆ. 20 ಡಿಗ್ರಿಯಲ್ಲಿ 200 ಬಾರ್ ತುಂಬಿದ ಸಿಲಿಂಡರ್ 45 ಡಿಗ್ರಿಗೆ ಬಂದರೆ ಒತ್ತಡ ಸುಮಾರು 217 ಬಾರ್ ಆಗುತ್ತದೆ. ಮೇ ತಿಂಗಳಲ್ಲಿ ಪೂರ್ತಿ ತುಂಬಿ ಕಾರಿನೊಳಗೆ ಬಿಟ್ಟು ಹೋಗಬೇಡಿ, 180ಕ್ಕೆ ನಿಲ್ಲಿಸಿದರೂ ಒಂದು ಸ್ಪರ್ಧೆಗೆ ಬೇಕಾದಷ್ಟಾಗುತ್ತದೆ. ಸಿಲಿಂಡರ್ ಮೇಲೆ ಅಚ್ಚಾದ ದಿನಾಂಕವನ್ನೂ ಓದಿಕೊಳ್ಳಿ. ಅವಧಿ ಮುಗಿದದ್ದಕ್ಕೆ ಗಾಳಿ ತುಂಬಬಾರದು, ಸ್ಪರ್ಧೆಯಲ್ಲೂ ಅದು ನಡೆಯುವುದಿಲ್ಲ.

ನಳಿಗೆ ಶುಚಿಗೆ ಫೆಲ್ಟ್ ಪೆಲೆಟ್ ಬರುತ್ತದೆ. ಪಿಸಿಪಿಯಲ್ಲಿ ಒಂದು ಡಬ್ಬಿ ಮುಗಿದಾಗ ಎರಡು ಮೂರು ಹೊಡೆದರೆ ಸಾಕು. ಆಮೇಲೆ ಹತ್ತು ಹದಿನೈದು ಸೀಸದವು ಹೋಗುವವರೆಗೆ ಗುಂಪು ನೋಡಬೇಡಿ, ಸ್ಪರ್ಧೆಯ ಹಿಂದಿನ ರಾತ್ರಿಯಂತೂ ಶುಚಿ ಮಾಡಲು ಹೋಗಲೇಬೇಡಿ. ಸ್ಪ್ರಿಂಗ್ ಗನ್‌ನಲ್ಲಿ ಫೆಲ್ಟ್ ಹೊಡೆಯಬಾರದು. ಅದಕ್ಕೆ ತೂಕವೇ ಇಲ್ಲದ್ದರಿಂದ ಪಿಸ್ಟನ್‌ಗೆ ತಡೆ ಸಿಗುವುದಿಲ್ಲ, ಖಾಲಿ ಹೊಡೆದಂತೆ ಹೋಗಿ ಅಪ್ಪಳಿಸುತ್ತದೆ. ಅದಕ್ಕೆ ದಾರ ಎಳೆದು ಬಟ್ಟೆ ಹಾಯಿಸುವುದೇ ಸರಿ, ಲೋಡ್ ಮಾಡುವ ಕಡೆಯಿಂದ ಮೂತಿಯ ಕಡೆಗೆ.

ಗೆದ್ದ ಡಬ್ಬಿ ಯಾವುದೆಂದು ಗೊತ್ತಾದ ಕೂಡಲೇ ಅದರ ಹಿಂದಿರುವ ಲಾಟ್ ನಂಬರ್, ಅಂದರೆ ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆ, ಬರೆದುಕೊಳ್ಳಿ. ಕಂಪನಿಯ ಹೆಸರು, ತಲೆಯ ಅಳತೆ ಎರಡೂ ಅದೇ ಇದ್ದು ಲಾಟ್ ಬದಲಾದರೆ ಗುಂಪೂ ಬದಲಾಗಬಹುದು, ಯಾಕೆಂದರೆ ಅಚ್ಚು ಸವೆದಿರುತ್ತದೆ, ಹೊಸದು ಹಾಕಿರುತ್ತಾರೆ. ದಿನಕ್ಕೆ 100 ಹೊಡೆತ, ವಾರಕ್ಕೆ ಐದು ದಿನ ಅಭ್ಯಾಸವೆಂದರೆ ವಾರಕ್ಕೆ 500ರ ಒಂದು ಡಬ್ಬಿ ಖಾಲಿ. ಅಭ್ಯಾಸಕ್ಕೆ ಅಗ್ಗದ್ದು ಹೊಡೆದು, ಹೊಂದಿದ ಲಾಟ್‌ನ ನಾಲ್ಕೈದು ಡಬ್ಬಿಯನ್ನು ಸ್ಪರ್ಧೆಗೆಂದು ಒಟ್ಟಿಗೇ ತೆಗೆದಿಡಿ. ಅಂಗಡಿಯವರಿಗೆ ಆರ್ಡರ್ ಹೇಳುವಾಗ ಡಬ್ಬಿಯ ಹಿಂಬದಿಯ ಫೋಟೊ ಕಳಿಸಿ ಅದೇ ನಂಬರ್ ಕೇಳಿ. ಅದೇ ಸಿಗದಿದ್ದರೆ ಮೂರು ಕಾಗದದ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕು.