ತುಂಗೆಯ ಮೆಟ್ಟಿಲ ಮೇಲೆ ಒಂದು ಸಂಜೆ

ಗುರುವಾರ ಅಪ್ಪನಿಗೆ ಹೃದಯದ ಆಪರೇಷನ್ ಅಂತ ನಿಗದಿಯಾಗಿತ್ತು. ಅದಕ್ಕೂ ಮೊದಲಿನ ಶನಿವಾರ ಅಮ್ಮ, "ಒಂದ್ಸಲ ಶೃಂಗೇರಿಗೆ ಹೋಗಿ ಬರೋಣ" ಅಂದಳು. ಅಪ್ಪನ ಹತ್ತಿರ ತಮ್ಮನನ್ನು ಬಿಟ್ಟು ಚಿಕ್ಕಮಗಳೂರಿನಲ್ಲಿ ಬಸ್ ಹತ್ತಿದೆವು. ಹದಿನೈದು ದಿನದಿಂದ ನನಗೆ ಸರಿಯಾಗಿ ನಿದ್ದೆ ಇರಲಿಲ್ಲ. ಆಲ್ದೂರು ಬಂತು, ಬಾಳೆಹೊನ್ನೂರು ಬಂತು, ಕಾಫಿ ತೋಟಗಳು ಹಿಂದೆ ಸರಿದವು. ಯಾವುದೂ ಮನಸ್ಸಿಗೆ ಇಳಿಯಲಿಲ್ಲ. ರಕ್ತಕ್ಕೆ ಯಾರನ್ನು ಕೇಳೋದು, ದುಡ್ಡು ಸಾಕಾಗುತ್ತಾ, ಇದೇ ಲೆಕ್ಕ.

ಶೃಂಗೇರಿ ಮುಟ್ಟಿದಾಗ ಐದು ದಾಟಿತ್ತು. ವಿದ್ಯಾಶಂಕರ ದೇವಸ್ಥಾನ 14ನೇ ಶತಮಾನದ್ದು. ಅದರ ಮಂಟಪದಲ್ಲಿ 12 ಕಂಬಗಳು, ಒಂದೊಂದರ ಮೇಲೂ ಒಂದೊಂದು ರಾಶಿ. ಅಮ್ಮ ತುಲಾ ರಾಶಿಯ ಕಂಬ ಹುಡುಕಿ ಕೈಮುಗಿದಳು. ಅದು ಅಪ್ಪನ ರಾಶಿ.

ಆಮೇಲೆ ನದಿಗೆ ಇಳಿದೆವು. ಇಲ್ಲಿ ಮೀನು ಹಿಡಿಯುವ ಹಾಗಿಲ್ಲ, ಹಾಗಾಗಿ ಅವಕ್ಕೆ ಜನರ ಭಯವೇ ಇಲ್ಲ. ಅಮ್ಮ ಮಂಡಕ್ಕಿ ಚೆಲ್ಲಿದ ತಕ್ಷಣ ಮೊಳದುದ್ದದ ಕಪ್ಪು ಬೆನ್ನುಗಳು ಒಂದರ ಮೇಲೊಂದು ಹೊರಳಿ ಬಂದವು. ದುಂಡಗೆ ತೆರೆದ ಬಾಯಿಗಳು ಮೆಟ್ಟಿಲ ತನಕ.

ಪಕ್ಕದಲ್ಲೇ ಕಪ್ಪೆ ಶಂಕರ ಅನ್ನುವ ಕಲ್ಲಿನ ಕೆತ್ತನೆ. ಬಿಸಿಲಲ್ಲಿ ಹೆರಿಗೆ ನೋವು ತಿನ್ನುತ್ತಿದ್ದ ಕಪ್ಪೆಗೆ ಹಾವು ಹೆಡೆ ಎತ್ತಿ ನೆರಳು ಕೊಟ್ಟಿತಂತೆ. ಅದನ್ನು ಕಂಡೇ ಶಂಕರಾಚಾರ್ಯರು ಇಲ್ಲಿ ಪೀಠ ಸ್ಥಾಪಿಸಿದರು ಅಂತ ಕಥೆ. ಚಿಕ್ಕಂದಿನಿಂದ ಕೇಳಿದ್ದೆ. ಆವತ್ತು ಮಾತ್ರ ನನ್ನ ಯೋಚನೆ ಕಪ್ಪೆಯ ಕಡೆ ಹೋಯಿತು. ತಲೆ ಮೇಲೆ ಹಾವಿದ್ದರೂ ಅದು ಅಲ್ಲಿಂದ ಕದಲಲಿಲ್ಲ, ಅಲ್ವಾ?

ದೀಪ ಹಚ್ಚುವ ಹೊತ್ತಿಗೆ ಶಾರದಾಂಬೆಯ ಮುಂದೆ ನಿಂತೆವು. ಗಂಟೆ, ಕರ್ಪೂರದ ಬೆಳಕು, ಅಮ್ಮನ ಮುಖದ ತುಂಬ ನೀರು. ನಾನು ಕೇಳಿಕೊಂಡದ್ದು ಇಷ್ಟೇ: ನನ್ನ ಕೈಲಿ ಆಗ್ತಿಲ್ಲ ತಾಯಿ, ನೀನೇ ನೋಡಿಕೋ. ಆಮೇಲೆ ಸೇತುವೆ ದಾಟಿ ನರಸಿಂಹವನಕ್ಕೆ ಹೋದೆವು. ಅಲ್ಲಿ ರಾತ್ರಿ ಮಠದ ಗುರುಗಳು ಚಂದ್ರಮೌಳೀಶ್ವರನಿಗೆ ಪೂಜೆ ಮಾಡುತ್ತಾರೆ. ಸ್ಫಟಿಕದ ಪುಟ್ಟ ಲಿಂಗ. ನೆಲದ ಮೇಲೆ ಕೂತು ವೇದಮಂತ್ರ ಕೇಳುತ್ತಾ ಇದ್ದೆ. ಅರ್ಥ ಆಗಲಿಲ್ಲ, ಆಗಬೇಕು ಅಂತಲೂ ಅನಿಸಲಿಲ್ಲ. ಬಿಗಿ ಹಿಡಿದಿದ್ದ ಭುಜ ತಾನಾಗಿ ಸಡಿಲ ಆಯ್ತು.

ರೂಮಿನಲ್ಲಿ ಅಮ್ಮ ಅಪ್ಪನಿಗೆಂದು ತಂದ ಕುಂಕುಮದ ಪೊಟ್ಟಣವನ್ನು ದಿಂಬಿನ ಕೆಳಗೆ ಇಟ್ಟಳು. ನಾನು ಮತ್ತೆ ಫೋನ್ ಕೈಗೆತ್ತಿಕೊಂಡೆ.

"ಹಗಲು ಓಡಾಡಿದ್ದು ಸಾಕು. ರಾತ್ರಿ ಅವಳು ಎಚ್ಚರ ಇರ್ತಾಳೆ, ನೀನು ಮಲಗು" ಅಂದಳು.

ಬೆಳಿಗ್ಗೆ ಅಮ್ಮ ತಟ್ಟಿ ಎಬ್ಬಿಸಿದಾಗಲೇ ನನಗೆ ಎಚ್ಚರ. ಕಿಟಕಿಯಾಚೆ ಪೂರ್ತಿ ಬೆಳಕಾಗಿತ್ತು. ಅವಳ ಸ್ನಾನ ಮುಗಿದಿತ್ತು, ಕೈಯಲ್ಲಿ ಆಗಲೇ ಇನ್ನೊಂದು ಮಂಡಕ್ಕಿ ಪೊಟ್ಟಣ ಇತ್ತು.